ಕಾಲುವೆಯ ಪಾಚಿ ನೆಲ್ಲಿನ ಅಜ್ಜ ಅಲ್ಲ

ಗಂಗಾವತಿ ಕಡೆಯ ಹುಡುಗನೊಬ್ಬ ಮೊನ್ನೆ ತುಂಗಭದ್ರಾ ಎಡದಂಡೆ ಕಾಲುವೆಯ ಪಾಚಿಯನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸ್ಪೈರೋಗೈರಾ. ಕೂದಲಿನಂಥ ಎಳೆ, ಒಳಗೆ ಸ್ಪ್ರಿಂಗಿನ ಹಾಗೆ ಸುತ್ತಿದ ಹಸಿರು ಪಟ್ಟಿ. ನೋಡಿ ಖುಷಿಯಾಗಿ, "ಸರ್, ಇದು ನಮ್ಮ ನೆಲ್ಲಿನ ಅಜ್ಜ ಅಲ್ಲೇನ್ರಿ?" ಅಂದ.

ವರ್ಷ ವರ್ಷವೂ ಇದೇ ಮಾತು. ಪರೀಕ್ಷೆಯಲ್ಲೂ ಪಾಚಿಯಿಂದ ಹಾವಸೆ, ಹಾವಸೆಯಿಂದ ಜರೀಗಿಡ, ಅದರಿಂದ ಹೂಗಿಡ ಅಂತ ಮೆಟ್ಟಿಲು ಬರೆದಿಡುತ್ತಾರೆ. ದಯವಿಟ್ಟು ಈ ಮೆಟ್ಟಿಲನ್ನು ಬಿಡಿ. ನೆಲ್ಲು, ಸ್ಪೈರೋಗೈರಾ ಎರಡಕ್ಕೂ ಅಜ್ಜ ಒಬ್ಬನೇ. ಅವನು ಇದ್ದದ್ದು ಸುಮಾರು 50 ಕೋಟಿ ವರ್ಷ ಅಥವಾ ಅದಕ್ಕೂ ಹಿಂದೆ ಅಂತ ಅಂದಾಜು. ಈಗ ಇಲ್ಲ.

ಹುಡುಗನ ಕೈಗೆ ಪೆನ್ನು ಕೊಟ್ಟೆ. ಗಾಳಿಯ ಇಂಗಾಲವನ್ನು ಹಿಡಿಯುವ ರುಬಿಸ್ಕೋ ಕಿಣ್ವದ ಒಂದು ಜೀನ್ ಎಲ್ಲ ಹಸಿರು ಗಿಡಗಳಲ್ಲೂ ಇದೆ, ಸುಮಾರು 1,400 ಡಿಎನ್‌ಎ ಅಕ್ಷರ ಉದ್ದ. ನೆಲ್ಲಿನದು, ಪಾಚಿಯದು ಒಂದರ ಕೆಳಗೊಂದು ಇಟ್ಟರೆ ಎಲ್ಲೆಲ್ಲಿ ಬೇರೆ ಅಂತ ಕಾಣುತ್ತದೆ. ಆದರೆ ಬದಲಾದದ್ದು ಯಾರು? ಅದಕ್ಕೆ ದೂರದ ಮೂರನೆಯದೊಂದು ಬೇಕು. ಕ್ಲಾಮಿಡೊಮೊನಾಸ್ ಅನ್ನೋ ಒಂದೇ ಕೋಶದ ಹಸಿರು ಜೀವಿಯದ್ದು ಇಟ್ಟೆವು. ಒಂದು ಜಾಗದಲ್ಲಿ ನೆಲ್ಲಿನ ಅಕ್ಷರ ಮಾತ್ರ ಬೇರೆ ಇದ್ದರೆ, ಬದಲಾದದ್ದು ಹೆಚ್ಚಾಗಿ ನೆಲ್ಲು. ಪಾಚಿಯದು ಮಾತ್ರ ಬೇರೆ ಇದ್ದರೆ, ಪಾಚಿ. ಹುಡುಗ ಎರಡು ಬಣ್ಣದಲ್ಲಿ ಗುರುತು ಹಾಕುತ್ತಾ ಹೋದ. ಎರಡು ಬಣ್ಣವೂ ಬಂದವು. ಅಜ್ಜನೇ ಆಗಿದ್ದರೆ ಪಾಚಿಯ ಕಡೆ ಬಣ್ಣವೇ ಬೀಳಬಾರದಿತ್ತು, ಅಲ್ವಾ? ಪಾಚಿ ಸುಮ್ನೆ ಕೂತಿಲ್ಲ. ನೆಲ್ಲು ಬದಲಾದಷ್ಟೇ ಕಾಲ ಅದೂ ಬದಲಾಗಿದೆ.

ಒಂದೇ ಜೀನ್ ನಂಬಿ ಸಂಬಂಧ ಹೇಳಬೇಡಿ ಅಂತಲೂ ಹೇಳಿದೆ. ನಮ್ಮ ಕೆರೆಗಳ ತಳದಲ್ಲಿ ಕಾರಾ ಅಂತ ಇನ್ನೊಂದು ಪಾಚಿ ಬೆಳೆಯುತ್ತದೆ. ಕಾಂಡ, ಗೆಣ್ಣು, ಗೆಣ್ಣಿನ ಸುತ್ತ ಕೊಂಬೆ, ಥೇಟ್ ಗಿಡದ ಹಾಗೆ. 2001ರಲ್ಲಿ ನಾಲ್ಕು ಜೀನ್ ಹೋಲಿಸಿದಾಗ ನೆಲದ ಗಿಡಗಳಿಗೆ ಕಾರಾದ ಗುಂಪೇ ಹತ್ತಿರ ಅಂತ ಬಂತು. ನೋಡೋಕೂ ಹಾಗೇ ಇದೆಯಲ್ಲ, ಜನ ಒಪ್ಪಿದರು. ಆಮೇಲೆ ಹೋಲಿಸುವ ಜೀನುಗಳ ಸಂಖ್ಯೆ ಜಾಸ್ತಿಯಾಯಿತು, ಉತ್ತರ ಬದಲಾಯಿತು. 2019ರಲ್ಲಿ 1,124 ಜಾತಿಗಳ ನೂರಾರು ಜೀನ್ ಹೋಲಿಸಿದಾಗಲೂ ಹತ್ತಿರ ನಿಂತದ್ದು ಸ್ಪೈರೋಗೈರಾದ ಗುಂಪು. ಬರೀ ಎಳೆಯಂಥದ್ದು! ಬಹುಶಃ ಅದರ ಹಿರಿಯರು ಇಷ್ಟು ಸರಳ ಇರಲಿಲ್ಲ, ಬರ್ತಾ ಬರ್ತಾ ಸರಳವಾಯಿತು.

ಮರುವಾರ ಹುಡುಗ ಊರ ಕೆರೆಯಿಂದ ಕಾರಾ ತಂದ. ಸುಣ್ಣ ಹಿಡಿದು ಒರಟಾಗಿತ್ತು. ಲೇಬಲ್ಲಿನ ಮೇಲೆ "ದೂರದ ದಾಯಾದಿ" ಅಂತ ಬರೆದಿದ್ದ.