ಸ್ವಿಚ್ ವಿಳಾಸ ಕಲಿಯುವ ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆಗೆ, ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಕೊಳ್ಳಲು ಬರುವವರಲ್ಲಿ ಅನೇಕರು ಅದನ್ನು ಎಕ್ಸ್‌ಟೆನ್ಷನ್ ಬೋರ್ಡಿನಂತೆ ಒಂದು ವೈರನ್ನು ಎಂಟಾಗಿ ಹಂಚುವ ಡಬ್ಬಿ ಎಂದೇ ತಿಳಿದಿರುತ್ತಾರೆ. ಈ ವಿವರಣೆ ಒಪ್ಪುವುದು ಹಳೆಯ ಹಬ್‌ಗೆ. ಒಂದು ಪೋರ್ಟಿಗೆ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗೆ, ಬಂದ ಸಂಕೇತವನ್ನು ಅದು ಉಳಿದೆಲ್ಲ ಪೋರ್ಟುಗಳಿಗೂ ರವಾನಿಸುತ್ತಿತ್ತು. ಸ್ವಿಚ್ ಹಾಗಲ್ಲ, ಅದು ಕಲಿಯುತ್ತದೆ. ಯಾರೂ ಹೇಳಿಕೊಡದೆ ಕಲಿಯುತ್ತದೆ ಎಂಬುದೇ ಅದರ ಸೊಗಸು.

ಇಂತಹ ಕೇಬಲ್ ಜಾಲಗಳು ಬಳಸುವ ಈಥರ್ನೆಟ್ ಪದ್ಧತಿಯಲ್ಲಿ ಮಾಹಿತಿಯು ಫ್ರೇಮ್ ಎಂಬ ತುಣುಕುಗಳಾಗಿ ಸಾಗುತ್ತದೆ. ಪ್ರತಿ ಫ್ರೇಮಿನ ತಲೆಯಲ್ಲಿ, ನಾವು ಶಾಲೆಯಲ್ಲಿ ಪತ್ರಲೇಖನ ಕಲಿಯುವಾಗ ಬರೆದ 'ಇವರಿಗೆ', 'ಇಂದ' ಎಂಬಂತೆ, ಪಡೆಯುವ ಮತ್ತು ಕಳುಹಿಸುವ ಯಂತ್ರಗಳನ್ನು ಗುರುತಿಸುವ, 48 ಬಿಟ್‌ಗಳ ಎರಡು ಮ್ಯಾಕ್ ವಿಳಾಸಗಳಿರುತ್ತವೆ. ವಠಾರಕ್ಕೆ ಹೊಸದಾಗಿ ಬಂದ ಅಂಚೆಯಣ್ಣನನ್ನು ಊಹಿಸಿಕೊಳ್ಳಿ. ರಂಗಮ್ಮನವರ ಮನೆ ಯಾವುದೆಂದು ತಿಳಿಯದೆ ಅವನು ಎಲ್ಲ ಬಾಗಿಲುಗಳನ್ನೂ ತಟ್ಟುತ್ತಾನೆ. ಆದರೆ ರಂಗಮ್ಮನವರು ಮೂರನೆಯ ಮನೆಯಿಂದ ತಾವೇ ಒಂದು ಕಾಗದ ಕೊಟ್ಟೊಡನೆ, ಅದರ ಮೇಲಿನ 'ಇಂದ' ಓದಿ ಮನೆಯನ್ನು ಗುರುತು ಹಾಕಿಕೊಳ್ಳುತ್ತಾನೆ. ಸ್ವಿಚ್ ಮಾಡುವುದೂ ಇಷ್ಟೇ: ಕಳುಹಿಸಿದವರ ವಿಳಾಸ ನೋಡಿ ಪೋರ್ಟ್ ಸಂಖ್ಯೆಯನ್ನು ಪಟ್ಟಿಗೆ ಸೇರಿಸುತ್ತದೆ, ಮತ್ತು ಸಾಮಾನ್ಯವಾಗಿ 300 ಸೆಕೆಂಡು ಸುಮ್ಮನಿದ್ದವರನ್ನು ಪಟ್ಟಿಯಿಂದ ಬಿಡುತ್ತದೆ. ಮೊದಲ ಈಥರ್ನೆಟ್ ಸ್ವಿಚ್ಚನ್ನು 1990ರಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಸಂಸ್ಥೆಯ ಹೆಸರು ಕಲ್ಪನಾ. ಸ್ಥಾಪಕರಲ್ಲೊಬ್ಬರಾದ ವಿನೋದ್ ಭಾರದ್ವಾಜ್ ತಮ್ಮ ಪತ್ನಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದರೆಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿರಬೇಕಾದ ಸಂಗತಿ.

ಈ ಕಲಿಕೆ ದಾರಿ ತಪ್ಪುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಜಯನಗರದ ಒಂದು ಸಣ್ಣ ಕಚೇರಿಯಲ್ಲಿ ಗುಡಿಸುವಾಗ ಕಳಚಿಬಿದ್ದಿದ್ದ ಹಳದಿ ಕೇಬಲ್ಲಿನ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಮತ್ತೆ ಸಿಕ್ಕಿಸಿದ್ದರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ಎಲ್ಲರಿಗೂ ತಲುಪಬೇಕಾದ ಒಂದು ಫ್ರೇಮ್ ಐದನೆಯ ಪೋರ್ಟಿನಿಂದ ಹೊರಟು ಆರನೆಯದರಿಂದ ಒಳಬಂದು, ಮತ್ತೆ ಪ್ರತಿಗಳಾಗಿ ಹೊರಡುತ್ತಿತ್ತು. ಇಂಟರ್ನೆಟ್ ಪ್ಯಾಕೆಟ್ಟಿನಲ್ಲಿ, ಅದನ್ನು ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸುವ ಪ್ರತಿ ರೌಟರ್ ಒಂದೊಂದಾಗಿ ಇಳಿಸುವ ಎಣಿಕೆಯಿದ್ದು, ಅದು ಸೊನ್ನೆಗೆ ಬಂದರೆ ಪ್ಯಾಕೆಟ್ ಅಲ್ಲಿಗೇ ಮುಗಿಯುತ್ತದೆ. ಈಥರ್ನೆಟ್ ಫ್ರೇಮಿಗೆ ಅಂತಹ ಆಯುಷ್ಯದ ಮಿತಿಯಿಲ್ಲ. ಅಷ್ಟೇ ಅಲ್ಲದೆ, ಒಬ್ಬರದೇ 'ಇಂದ' ವಿಳಾಸ ಬೇರೆ ಬೇರೆ ಪೋರ್ಟುಗಳಲ್ಲಿ ಕಾಣಿಸಿದ್ದರಿಂದ ಸ್ವಿಚ್ಚಿನ ಪಟ್ಟಿಯೇ ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು.

ಇಂತಹ ಸುತ್ತುದಾರಿಯನ್ನು ಗುರುತಿಸಿ ಒಂದು ಪೋರ್ಟನ್ನು ತಾನಾಗಿಯೇ ತಡೆಹಿಡಿಯುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ರೇಡಿಯಾ ಪರ್ಲ್‌ಮನ್ 1985ರಲ್ಲಿಯೇ ರೂಪಿಸಿದ್ದರು. ಅಗ್ಗದ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಇಲ್ಲಿಯೂ ಇರಲಿಲ್ಲ. ಎಡೆಬಿಡದೆ ಮಿನುಗುತ್ತಿದ್ದ ಹಸಿರು ದೀಪಗಳು ಹಳದಿ ಕೇಬಲ್ಲನ್ನು ಕಿತ್ತ ಮೇಲೆಯೇ ತಣ್ಣಗಾದವು.