ಬೇಕೆಂದ ಮಾತ್ರಕ್ಕೆ ಕೊಕ್ಕು ದಪ್ಪವಾಗುವುದಿಲ್ಲ

"ನೀರು ಉಳಿಸಲೆಂದು ಪಾಪಾಸುಕಳ್ಳಿ ತನ್ನ ಎಲೆಗಳನ್ನು ಮುಳ್ಳು ಮಾಡಿಕೊಂಡಿತು." ಉತ್ತರಪತ್ರಿಕೆಯಲ್ಲಿ ಈ ವಾಕ್ಯ ಕಂಡರೆ ಎಷ್ಟೋ ಶಿಕ್ಷಕರು ಸರಿ ಎಂದು ಗುರುತು ಹಾಕಿಬಿಡುತ್ತಾರೆ. ದಯವಿಟ್ಟು ಹಾಕಬೇಡಿ. ಮುಳ್ಳು ಎಲೆಯ ಮಾರ್ಪಾಡು ಎಂಬುದು ನಿಜ, ಅಗಲವಾದ ಎಲೆ ಇಲ್ಲದ್ದರಿಂದ ನೀರು ಉಳಿಯುತ್ತದೆ ಎಂಬುದೂ ನಿಜ. ಕೆಡಿಸುವುದು ಆ "ಮಾಡಿಕೊಂಡಿತು". ಯಾವ ಗಿಡವೂ ಬೇಕೆಂದು ಏನನ್ನೂ ಮಾಡಿಕೊಳ್ಳುವುದಿಲ್ಲ.

ಪೆಸಿಫಿಕ್ ಸಾಗರದ ಗಲಪಗೋಸ್ ದ್ವೀಪಸಮೂಹದ ಡಾಫ್ನೆ ಮೇಜರ್ ದ್ವೀಪದಲ್ಲಿ 1977ರಲ್ಲಿ ಬರ ಬಿತ್ತು. ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್ಮರಿ ಗ್ರಾಂಟ್ ಅವರ ತಂಡ ಅಲ್ಲಿನ ಫಿಂಚ್ ಹಕ್ಕಿಗಳ ಕೊಕ್ಕನ್ನು ಅದಾಗಲೇ ಅಳೆದಿಟ್ಟಿತ್ತು. ಸಣ್ಣ ಬೀಜಗಳು ಮುಗಿದು, ನೆಗ್ಗಿಲಿನ ಜಾತಿಯ ಗಟ್ಟಿ ಕಾಯಿಗಳಂಥವು ಉಳಿದವು. ಹೆಚ್ಚಿನ ಹಕ್ಕಿಗಳು ಸತ್ತವು. ಬದುಕಿದವುಗಳಲ್ಲಿ ದಪ್ಪ ಕೊಕ್ಕಿನವೇ ಹೆಚ್ಚು. ಅವುಗಳ ಮರಿಗಳ ಕೊಕ್ಕೂ ದಪ್ಪ. ಹಸಿದ ಯಾವ ಹಕ್ಕಿಯ ಕೊಕ್ಕೂ ಬರಕ್ಕಾಗಿ ದಪ್ಪವಾಗಲಿಲ್ಲ. ಬದಲಾದದ್ದು ಹಕ್ಕಿಯಲ್ಲ, ಗುಂಪಿನಲ್ಲಿ ಎಂಥ ಕೊಕ್ಕಿನವು ಎಷ್ಟಿದ್ದವು ಎಂಬ ಲೆಕ್ಕ. ಮಕ್ಕಳಿಗೆ ಇದನ್ನು ನಾಲ್ಕು ಸಲವಾದರೂ ಹೇಳಬೇಕಾಗುತ್ತದೆ.

ಸಲಕರಣೆಯನ್ನೇ ಕೊಕ್ಕೆಂದುಕೊಂಡು ಕಾಳು ಹೆಕ್ಕುವ ಆಟವನ್ನು ಶಾಲೆಗಳಲ್ಲಿ ಆಡಿಸುತ್ತಾರೆ; ಅದು ಎಡವುವುದೂ ಇಲ್ಲೇ. ಚಿಮುಟದಿಂದ ಆಗದಿದ್ದರೆ ಕ್ಲಿಪ್ ತಗೋ ಎಂದು ಮಗುವಿಗೆ ಹೇಳಿದರೆ, ಹಕ್ಕಿ ಕೊಕ್ಕು ಬದಲಿಸುತ್ತದೆ ಎಂದು ನಾವೇ ಕಲಿಸಿದಂತಾಯಿತು. ಹನ್ನೆರಡು ಮಕ್ಕಳಲ್ಲಿ ಆರು ಜನಕ್ಕೆ ಚಿಮುಟ, ಆರು ಜನಕ್ಕೆ ಬಟ್ಟೆ ಕ್ಲಿಪ್ ಕೊಡಿ, ಬದಲಿಸುವಂತಿಲ್ಲ. ಮೊದಲ ಸುತ್ತಿಗೆ ಸಣ್ಣ ಕಾಳು, ದೊಡ್ಡ ಕಾಳು ಎರಡನ್ನೂ ಹರಡಿ, ಎರಡನೆಯದಕ್ಕೆ ದೊಡ್ಡವನ್ನಷ್ಟೇ. ಪ್ರತಿ ಸುತ್ತು 30 ಸೆಕೆಂಡು. ಮೂರು ಕಾಳು ಸಿಗದವರು ಹೊರಗೆ. ಉಳಿದವರ ಪ್ರತಿ ಸಲಕರಣೆಗೆ ಅದೇ ಬಗೆಯ ಇನ್ನೊಂದನ್ನು ಹೊರಗಿರುವ ಮಗುವಿಗೆ ಕೊಟ್ಟು "ಮರಿ" ಎನ್ನಿ. ಪ್ರತಿ ಸುತ್ತಿನ ಕೊನೆಗೆ ಚಿಮುಟ ಎಷ್ಟು, ಕ್ಲಿಪ್ ಎಷ್ಟು ಎಂದು ಬರೆದಿಡಿ. ಆ ಎರಡು ಅಂಕಿಗಳೇ ಪಾಠ. ಹಿಂದಿನ ದಿನ ನೀವೇ ಆಡಿ ನೋಡಿ: ಚಿಮುಟವೂ ದೊಡ್ಡ ಕಾಳನ್ನು ಸಲೀಸಾಗಿ ಎತ್ತಿದರೆ ಏನೂ ತಿಳಿಯದು, ಇನ್ನೂ ದಪ್ಪನೆಯದು ಬೇಕು. ಕೈಚಳಕದ ಅನುಮಾನ ಬಂದರೆ ಸಲಕರಣೆ ಅದಲುಬದಲು ಮಾಡಿ ಆಟವನ್ನು ಮೊದಲಿಂದ ಆಡಿಸಿ.

ಎಲೆಯ ಆಕಾರ ಮತ್ತು ಮೇಣದ ಹೊದಿಕೆ ನೀರು ಉಳಿಸುವುದನ್ನು ತೋರಿಸುವುದು ಇನ್ನೂ ಸುಲಭ. ಒಂದೇ ಅಳತೆಯ ಮೂರು ಹೀರುಕಾಗದಗಳಿಗೆ ಸಿರಿಂಜಿನಿಂದ ತಲಾ 10 ಮಿಲಿಲೀಟರ್ ನೀರು ಹಾಕಿ. ಒಂದನ್ನು ಬಿಡಿಸಿಡಿ, ಒಂದನ್ನು ಸುತ್ತಿಡಿ, ಮತ್ತೊಂದನ್ನು ಸುತ್ತಿ ಮೇಣದ ಕಾಗದದಲ್ಲಿ ಕಟ್ಟಿಡಿ. ಮರುದಿನ ತೂಗಿ. ನೀರನ್ನು ಅಂದಾಜಿನಲ್ಲಿ ಸುರಿದರೆ ಹೋಲಿಕೆ ಕೆಟ್ಟಿತು. ಹವೆ ತೇವವಾಗಿದ್ದರೆ ವ್ಯತ್ಯಾಸ ಕಾಣಲು ಇನ್ನೊಂದು ದಿನ ಬೇಕಾದೀತು.

ತೀರಾ ಚಿಕ್ಕ ಮಕ್ಕಳಿಗೆ ತಲೆಮಾರುಗಳ ಲೆಕ್ಕ ಭಾರವಾಗಬಹುದು. ಅವರನ್ನು "ಈ ಭಾಗ ಇಲ್ಲದಿದ್ದರೆ ಏನಾಗುತ್ತಿತ್ತು?" ಎಂದು ಕೇಳಿದರೆ ಸಾಕು. ದೊಡ್ಡವರು ಮಾತ್ರ ಆ ಕಳ್ಳಿಯ ವಾಕ್ಯವನ್ನು ತಿದ್ದಿ ಬರೆಯಲಿ: "ಒಣನೆಲದಲ್ಲಿ ಕಡಿಮೆ ನೀರು ಕಳೆದುಕೊಳ್ಳುತ್ತಿದ್ದ ಗಿಡಗಳು ಹೆಚ್ಚಾಗಿ ಉಳಿದು ಹೆಚ್ಚು ಬೀಜ ಬಿಟ್ಟವು."