ಜಠರದ ಕ್ಯಾನ್ಸರ್: ಎಷ್ಟು ಕತ್ತರಿಸಬೇಕು ಎಂಬ ಹಳೆಯ ತಕರಾರು

1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೋಡರ್ ಬಿಲ್‌ರಾತ್ 43 ವರ್ಷದ ಮಹಿಳೆಯೊಬ್ಬರ ಜಠರದ ಕೆಳತುದಿಯಲ್ಲಿದ್ದ ಗಡ್ಡೆಯನ್ನು ತೆಗೆದು, ಉಳಿದ ಜಠರವನ್ನು ಸಣ್ಣಕರುಳಿಗೆ ಹೊಲಿದರು. ಅದಕ್ಕೂ ಮುಂಚೆ ಪ್ಯಾರಿಸ್‌ನ ಪೇಯಾನ್ (1879), ಪೋಲಿಷ್ ವೈದ್ಯ ರಿಡಿಗಿಯರ್ (1880) ಇದಕ್ಕೆ ಕೈಹಾಕಿದ್ದರು. ಇಬ್ಬರ ರೋಗಿಗಳೂ ವಾರದೊಳಗೆ ತೀರಿಕೊಂಡಿದ್ದರು. ಬಿಲ್‌ರಾತ್ ಅವರ ರೋಗಿ ಚೇತರಿಸಿಕೊಂಡರು. ಆದರೆ ಸುಮಾರು ನಾಲ್ಕು ತಿಂಗಳಲ್ಲಿ ಕ್ಯಾನ್ಸರ್ ಅವರನ್ನು ಬಲಿ ತೆಗೆದುಕೊಂಡಿತು. ಹೊಲಿಗೆ ಗೆದ್ದಿತ್ತು, ರೋಗ ಸೋತಿರಲಿಲ್ಲ. 1897ರಲ್ಲಿ ಜ್ಯೂರಿಕ್‌ನ ಶ್ಲಾಟರ್ ಇಡೀ ಜಠರವನ್ನೇ ತೆಗೆದರು. ಆ ಮಹಿಳೆ ವರ್ಷಕ್ಕೂ ಹೆಚ್ಚು ಕಾಲ ಬದುಕಿದರು.

ಜಠರವಿಲ್ಲದೆಯೂ ಬದುಕಬಹುದೆಂದು ತಿಳಿದ ಮೇಲೆ ತಕರಾರು ಸುತ್ತಲಿನ ದುಗ್ಧರಸ ಗ್ರಂಥಿಗಳತ್ತ (ಲಿಂಫ್ ನೋಡ್; ಕ್ಯಾನ್ಸರ್ ಹರಡುವ ದಾರಿ) ಹೊರಳಿತು. ಈ ರೋಗ ಬಹಳವಾಗಿದ್ದ ಜಪಾನಿನಲ್ಲಿ, ಜಠರಕ್ಕೆ ರಕ್ತ ಒಯ್ಯುವ ನಾಳಗಳ ಗುಂಟ ಇರುವ ಗ್ರಂಥಿಗಳನ್ನೂ ತೆಗೆಯುವ ‘ಡಿ2’ ವಿಧಾನ ರೂಢಿಯಾಯಿತು. ಯುರೋಪು ನಂಬಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 711 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ, ಜಠರಕ್ಕೆ ಅಂಟಿದ ಗ್ರಂಥಿಗಳನ್ನಷ್ಟೇ ತೆಗೆಯುವ ಸೀಮಿತ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ಶೇ 4ರಷ್ಟು, ಡಿ2 ಬೆನ್ನಲ್ಲೇ ಶೇ 10ರಷ್ಟು ಮಂದಿ ಸತ್ತರು. ಗುಲ್ಮ (ಸ್ಪ್ಲೀನ್), ಮೇದೋಜ್ಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ತುದಿಯನ್ನೂ ಹಲವರಲ್ಲಿ ತೆಗೆದದ್ದು ಇದಕ್ಕೆ ಒಂದು ಕಾರಣ. ಡಿ2 ಕಥೆ ಮುಗಿಯಿತೆಂದೇ ಹಲವರು ಭಾವಿಸಿದರು. ಹದಿನೈದು ವರ್ಷಗಳ ನಂತರದ ಲೆಕ್ಕ ಬೇರೆಯೇ ಆಗಿತ್ತು: ಜಠರದ ಕ್ಯಾನ್ಸರ್‌ನಿಂದಲೇ ಸತ್ತವರು ಮೊದಲ ಗುಂಪಿನಲ್ಲಿ ಶೇ 48, ಡಿ2 ಗುಂಪಿನಲ್ಲಿ ಶೇ 37. ಅವಸರದ ತೀರ್ಪು ಎಷ್ಟು ದುಬಾರಿ ಎನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಹಾಗೆಂದು ಕತ್ತರಿಸಿದಷ್ಟೂ ಲಾಭವಿಲ್ಲ. ಮಹಾಪಧಮನಿಯ ಸುತ್ತಲಿನ ಗ್ರಂಥಿಗಳನ್ನೂ ತೆಗೆದು ನೋಡಿದ ಜಪಾನೀಯರಿಗೆ 2008ರಲ್ಲಿ ಸಿಕ್ಕಿದ್ದು ಐದು ವರ್ಷ ಬದುಕಿದವರು ಈ ಗುಂಪಿನಲ್ಲೂ ಬರೀ ಡಿ2 ಮಾಡಿದ ಗುಂಪಿನಲ್ಲೂ ಸರಿಸುಮಾರು ಶೇ 70 ಎಂಬ ಫಲಿತಾಂಶ. ಅದಕ್ಕೂ ಎರಡು ವರ್ಷ ಮೊದಲು, ಬ್ರಿಟನ್ನಿನ ವೈದ್ಯರು ಶಸ್ತ್ರಚಿಕಿತ್ಸೆಯ ಮುಂಚೆ ಮತ್ತು ನಂತರ ಕೀಮೋಥೆರಪಿ ಕೊಟ್ಟು ಐದು ವರ್ಷ ಬದುಕುವವರ ಪ್ರಮಾಣವನ್ನು ಶೇ 23ರಿಂದ 36ಕ್ಕೆ ಏರಿಸಿದ್ದರು. ಚಾಕು ಒಂದರಿಂದಲೇ ಆಗದ ಕೆಲಸ ಔಷಧಿ ಜೊತೆಗೂಡಿದಾಗ ಆಯಿತು.

ಜಠರದ ಎಲ್ಲ ಗಡ್ಡೆಗಳಿಗೂ ಈ ಲೆಕ್ಕ ಹೊಂದುವುದಿಲ್ಲ. ಜಠರದ ಗೋಡೆಯಲ್ಲಿ ಬೆಳೆಯುವ ‘ಜಿಸ್ಟ್’ ಗಡ್ಡೆ ಸಾಮಾನ್ಯವಾಗಿ ಗ್ರಂಥಿಗಳಿಗೆ ಹರಡದ ಕಾರಣ ಗಡ್ಡೆಯನ್ನಷ್ಟೇ ಒಡೆಯದಂತೆ ತೆಗೆದರೆ ಸಾಕು. ಮೇಲ್ಪದರದಲ್ಲೇ ಇರುವ ಆರಂಭಿಕ ಕ್ಯಾನ್ಸರ್ ಅನ್ನು ಎಂಡೊಸ್ಕೋಪ್‌ನಿಂದಲೇ ಕೀಳಬಹುದು. ನಮ್ಮಲ್ಲಿ ಹೆಚ್ಚಿನವರು ಆ ಹಂತ ದಾಟಿದ ಮೇಲೆಯೇ ಆಸ್ಪತ್ರೆಗೆ ಬರುತ್ತಾರೆ.

ಪೂರ್ತಿ ಜಠರ ತೆಗೆಸಿಕೊಂಡವರು ಮುಂದೆ ಸ್ವಲ್ಪ ಸ್ವಲ್ಪವೇ ಹಲವು ಸಲ ಉಣ್ಣಬೇಕು, ಸಿಹಿ ಹೆಚ್ಚು ತಿಂದರೆ ತಲೆ ಸುತ್ತಿ ಬೆವರಬಹುದು, ಬಿ12 ಜೀವಸತ್ವವನ್ನು ಬದುಕಿರುವವರೆಗೂ ಪಡೆಯಬೇಕು.